ಸಾಲಿನ ಮೊದಲ ಗಿಡ

ಸೀಟಿ ಊದಿ ಹತ್ತು ನಿಮಿಷವಾಗಿತ್ತು. ಉಳಿದವರೆಲ್ಲ ತಮ್ಮ ತಮ್ಮ ಸಾಲಿನ ನಡುವಿಗೆ ಬಂದುಬಿಟ್ಟಿದ್ದರು. ಅರುಣಾ ಮಾತ್ರ ಇನ್ನೂ ಮೊದಲ ಸಾಲಿನ ಮೊದಲ ಟೊಮ್ಯಾಟೊ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಗೊಂಚಲನ್ನು ಅಂಗೈಯಲ್ಲಿ ಹಿಡಿದುಕೊಂಡು, ಅದಕ್ಕೆ ಮೂಗು ಹಚ್ಚಿ ಮೂಸುತ್ತಿದ್ದಳು.

"ಅಕ್ಕಾರ, ಟೊಮ್ಯಾಟೊ ಅದು, ಮಲ್ಲಿಗಿ ಅಲ್ಲ," ಎಂದ ಪಕ್ಕದ ಸಾಲಿನ ಸುದೀಪ. ಗುತ್ತಲದವನು, ಕೃಷಿ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಕೆಲಸಕ್ಕೆ ಅಲೆಯುತ್ತಿದ್ದವನು. ಕೆಟ್ಟವನಲ್ಲ, ಬಾಯಿ ಸುಮ್ಮನಿರುವುದಿಲ್ಲ ಅಷ್ಟೆ. "ಹಿಂಗ ಮೂಸ್ಕೋತ ಕುಂತ್ರ ನಾಕ ಸಾಲ ಮುಗಿಯೂದು ಯಾವಾಗ? ಇರೂದ ಒಂದೂವರಿ ತಾಸು."

"ನಿನ್ನ ಸಾಲು ನೀ ನೋಡೋ ತಮ್ಮಾ," ಎಂದಳು ಅರುಣಾ, ತಲೆ ಎತ್ತದೆ.

ರಾಣೆಬೆನ್ನೂರಿನಿಂದ ದೇವರಗುಡ್ಡಕ್ಕೆ ಹೋಗುವ ದಾರಿಯ ಪಕ್ಕ, ಬೀಜದ ಕಂಪನಿಯೊಂದರ ನೆಟ್ ಅದು. ಎರಡು ಎಕರೆಗೆ ಬಿಳಿ ಬಲೆ ಹೊದಿಸಿ ಒಳಗೆ ಟೊಮ್ಯಾಟೊ ಹಚ್ಚಿದ್ದರು. ಸಂತೆಗೆ ಹೋಗುವ ಟೊಮ್ಯಾಟೊ ಅಲ್ಲ, ಬೀಜಕ್ಕೆಂದೇ ಬೆಳೆಸುವುದು. ಸುತ್ತಲಿನ ನಾಲ್ಕು ಊರಿನ ಹೆಂಗಸರು ಹಂಗಾಮು ಬಂತೆಂದರೆ ಇಲ್ಲಿಗೆ ಕ್ರಾಸಿಂಗಿಗೆ ಬರುತ್ತಾರೆ. ಹೂವು ಅರಳುವ ಮೊದಲೇ ಮೊಗ್ಗು ಬಿಡಿಸಿ, ಒಳಗಿನ ಗಂಡು ಕೇಸರವನ್ನು ಪಕಳೆಯ ಸಮೇತ ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಿ, ಮುಟ್ಟಿಸಿದ್ದಕ್ಕೆ ಗುರುತಾಗಿ ಹೂವಿನ ಬುಡದ ಐದು ಹಸಿರೆಸಳಿನಲ್ಲಿ ಎರಡನ್ನು ಕತ್ತರಿಸಬೇಕು. ಅದೇ ಕ್ರಾಸಿಂಗ್. ಎರಡೆಸಳು ಕಡಿಮೆ ಇದ್ದರೆ ಕಾಯಿ ಕಂಪನಿಯದು. ಐದೂ ಇದ್ದರೆ ಅದು ಕೈ ತಪ್ಪಿಸಿಕೊಂಡು ತಾನೇ ಕಟ್ಟಿದ ಕಾಯಿ, 'ಸೆಲ್ಫ್'. ಕಂಡಲ್ಲೇ ಕಿತ್ತು ಒಗೆಯಬೇಕು.

ಇಂಥ ನೆಟ್ಟಿಗೆ ಒಬ್ಬ ಮೇಲ್ವಿಚಾರಕ ಬೇಕಾಗಿತ್ತು. ಕೆಲಸ ಒಂದು, ಬಂದವರು ಹನ್ನೊಂದು ಮಂದಿ. ಎಂಟು ಜನ ಡಿಪ್ಲೊಮಾ ಓದಿದ ಗಂಡಸರು, ಮೂವರು ಹೆಂಗಸರು. ನೆಟ್ಟಿನಲ್ಲಿ ಕೂಲಿ ಮಾಡುವ ಹೆಂಗಸರೂ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಅರ್ಜಿ ಹಾಕಬಹುದು ಎಂದು ಕಂಪನಿ ಹೇಳಿದ್ದು ಇದೇ ಮೊದಲ ಸಲ. ಆ ಸುದ್ದಿ ಬಂದ ದಿನ ಅರುಣಾಳಿಗಿಂತ ಮೊದಲು ಕುಣಿದಾಡಿದವಳು ಅದೇ ನೆಟ್ಟಿನಲ್ಲಿ ಕ್ರಾಸಿಂಗ್ ಮಾಡುವ ಅವಳ ಅತ್ತೆ ಶೇಖವ್ವ.

ಬೆಳಿಗ್ಗೆ ಪರೀಕ್ಷೆಯ ಮೊದಲು ಕಂಪನಿಯ ಅಧಿಕಾರಿ ಪ್ರೇಮಕುಮಾರ ಎಲ್ಲರನ್ನೂ ಬೇವಿನ ಮರದ ಕೆಳಗೆ ನಿಲ್ಲಿಸಿ ಮಾತಾಡಿದ್ದ. ಮಂಡ್ಯ ಕಡೆಯವನು, ಈ ಸೀಮೆಗೆ ಬಂದು ನಾಲ್ಕು ವರ್ಷವಾದರೂ ಖಡಕ್ ರೊಟ್ಟಿ ಮುರಿಯುವಾಗ ಇನ್ನೂ ಬೆಚ್ಚುತ್ತಾನೆ ಎಂದು ಹೆಂಗಸರು ನಗುತ್ತಿದ್ದರು. "ಒಬ್ಬೊಬ್ಬರಿಗೆ ನಾಲ್ಕು ಸಾಲು. ಏನು ದೋಷ ಕಂಡ್ರೂ ಬರೀರಿ. ಕೆಲವು ದೋಷ ನಾವೇ ಬೇಕಂತ ಬಿಟ್ಟಿದ್ದೀವಿ. ಆದ್ರೆ ಇನ್ನೊಂದಿದೆ. ಅದು ನಮಗೂ ಗೊತ್ತಿಲ್ಲ. ಈ ನೆಟ್ ಹಾಕಿ ಮೂರು ವರ್ಷ ಆಯ್ತು, ಮೂರು ಹಂಗಾಮೂ ಬೀಜ ಶುದ್ಧತೆಯಲ್ಲಿ ಫೇಲ್. ನೂರಕ್ಕೆ ಒಂದು ಗಿಡ ಬೇರೆ ಹುಟ್ಟುತ್ತೆ. ಕೂದಲೆಳೆ ಅಂತರದಲ್ಲಿ ಹೋಗ್ತಿದೆ ರೀ! ಈ ಸಲವೂ ಹೋದ್ರೆ ಈ ನೆಟ್ಟೇ ಮುಚ್ತಾರೆ. ಅದನ್ನ ಯಾರು ಹಿಡೀತಾರೋ ಅವರಿಗೆ ಮುಂದೆ ನಾನು ಒಂದು ಪ್ರಶ್ನೆಯನ್ನೂ ಕೇಳಲ್ಲ. ಕೆಲಸ ಅವರದ್ದೇ."

ಆ ಮಾತು ಅರುಣಾಳ ಕಿವಿಯಲ್ಲೇ ಇತ್ತು. ಈಗ, ಈ ಗೊಂಚಲು ಕೈಗೆ ಬಂದ ಮೇಲೆ, ಅದನ್ನು ಬಿಟ್ಟು ಮುಂದೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ.

ನಿಂಬೆಹಣ್ಣಿನ ಗಾತ್ರದ ನಾಲ್ಕು ಕಾಯಿ. ನಾಲ್ಕಕ್ಕೂ ಎರಡೆರಡು ಎಸಳು ಕತ್ತರಿಸಿದ್ದರು, ಗುರುತು ಚೊಕ್ಕ ಇತ್ತು. ಯಾವ ಮೇಲ್ವಿಚಾರಕ ನೋಡಿದರೂ ಮುಂದೆ ಹೋಗುತ್ತಿದ್ದ. ಆದರೆ ಅರುಣಾ ಕಾಯಿಯನ್ನು ಹೊರಳಿಸಿ ಕೆಳಗೆ ನೋಡಿದಳು. ಕಾಯಿಯ ತುದಿಗೆ ಒಣಗಿದ ಹೂವು ಟೋಪಿಯ ಹಾಗೆ ಅಂಟಿಕೊಂಡಿತ್ತು. ಕೇಸರ, ಪಕಳೆ ಎಲ್ಲ ಕಿತ್ತು ಹಾಕಿದ ಮೇಲೆ ಕ್ರಾಸ್ ಆದ ಕಾಯಿಗೆ ಒಣಹೂವು ಎಲ್ಲಿಂದ ಬರಬೇಕು? ಅಂದರೆ ಕೇಸರ ಕೀಳದೆ, ಸುಮ್ಮನೆ ಗುರುತು ಮಾತ್ರ ಕತ್ತರಿಸಿದ್ದಾರೆ. ಮೈಗಳ್ಳತನವೇ? ಮೈಗಳ್ಳತನವಾದರೆ ಎಲ್ಲೋ ನಡುವೆ ಇರಬೇಕು, ಯಾರಾದರೂ ಸಾಲಿನ ಬಾಯಿಯಲ್ಲೇ ಕಣ್ಣಿಗೆ ಬೀಳುವ ಹಾಗೆ ಮಾಡುತ್ತಾರೆಯೇ?

ಗೊಂಚಲಿನ ತೊಟ್ಟಿನ ಮೇಲೆ ಹಳದಿ ಪುಡಿ ಕಂಡಿದ್ದು ಆಗಲೇ.

"ಅದ ಗಂಧಕರಿ ಅಕ್ಕಾರ," ಎಂದ ಸುದೀಪ, ಬಗ್ಗಿ ನೋಡಿ. "ರೋಗಕ್ಕ ಹೊಡದಿರ್ತಾರ. ಅದರಾಗ ದೋಷ ಏನಿಲ್ಲ, ಮುಂದ ನಡೀರಿ."

ಗಂಧಕದ ವಾಸನೆ ಅರುಣಾಳಿಗೆ ಗೊತ್ತಿಲ್ಲವೇ? ಹದಿನೆಂಟು ವರ್ಷ ಅದನ್ನೇ ಕುಡಿದಿದ್ದಾಳೆ. ಇದು ಗಂಧಕವಲ್ಲ. ಇನ್ನೊಮ್ಮೆ ಮೂಸಿದಳು. ಅರಿಸಿನ. ಬರೀ ಅರಿಸಿನವೂ ಅಲ್ಲ. ಒಣಕೊಬ್ಬರಿಯ ಜೊತೆ ಬಹಳ ದಿನ ಒಂದೇ ಸಂಚಿಯಲ್ಲಿ ಇದ್ದ ಅರಿಸಿನ. ದಿನಾ ಬೆಳಿಗ್ಗೆ ತನ್ನ ಮನೆಯ ದೇವರ ಜಗಲಿಯ ಮುಂದೆ ಮೂಗಿಗೆ ಬರುವ ವಾಸನೆ ಅದು.

"ಭಂಡಾರ!" ಎಂದು ಅವಳ ಬಾಯಿಂದ ಹೊರಬಿತ್ತು. ಮೈಲಾರಲಿಂಗನ ಪ್ರಸಾದದ ಅರಿಸಿನ.

"ಏನ?" ಎಂದ ಸುದೀಪ.

"ಏನಿಲ್ಲ, ಏನಿಲ್ಲ," ಎನ್ನುತ್ತ ಅರುಣಾ ಎದ್ದವಳೇ ಎರಡನೇ ಸಾಲಿನ ಬಾಯಿಗೆ ಓಡಿದಳು. ಮೊದಲ ಗಿಡ, ಮೊದಲ ಗೊಂಚಲು. ಹೊರಳಿಸಿದಳು: ಒಣಹೂವು. ತೊಟ್ಟು: ಹಳದಿ. ಮೂರನೇ ಸಾಲು: ಹಾಗೆಯೇ. ನಾಲ್ಕನೇ ಸಾಲಿನ ಗಿಡವನ್ನು ಮುಟ್ಟುವಾಗ ಅವಳಿಗೆ ನಗು ಬರುತ್ತಿತ್ತು. ಅಲ್ಲೂ ಇತ್ತು! ಅಯ್ಯ ನಮ್ಮಪ್ಪಾ ಮೈಲಾರಲಿಂಗಾ, ಮೂರು ವರ್ಷ ಬೆಂಗಳೂರಿನ ಲ್ಯಾಬಿನವರಿಗೆ ನೀರು ಕುಡಿಸಿದವನು ನೀನೇ ಏನೋ!

ಎಲ್ಲ ಒಂದೇ ಏಟಿಗೆ ತಿಳಿದುಹೋಯಿತು. ಹೊಲದ ಮೊದಲ ಕಾಯಿ ದೇವರ ಪಾಲು, ಅದಕ್ಕೆ ಮನುಷ್ಯರ ಕೈ ಆಡಬಾರದು. ಹೊಲ ಇದ್ದವರು ಹೊಲದಲ್ಲಿ ಬಿಡುತ್ತಾರೆ. ಹೊಲವೇ ಇಲ್ಲದವರು ಎಲ್ಲಿ ಬಿಡಬೇಕು? ತಾವು ದುಡಿಯುವಲ್ಲಿ ಬಿಡುತ್ತಾರೆ. ಸಾಲು ಎಷ್ಟಿವೆಯೋ ಅಷ್ಟು ಗೊಂಚಲು. ಕೇಸರ ಕಿತ್ತರೆ ದೇವರ ಹೂವನ್ನು ಕೆಡಿಸಿದ ಹಾಗೆ. ಹಾಗೇ ಬಿಟ್ಟರೆ ಮೇಲ್ವಿಚಾರಕ ಸೆಲ್ಫ್ ಎಂದು ಕಿತ್ತು ಒಗೆಯುತ್ತಾನೆ. ಅದಕ್ಕೇ ಗುರುತು ಮಾತ್ರ ಕತ್ತರಿಸಿ, ಒಂದು ಚಿಟಿಕೆ ಭಂಡಾರ ಹಚ್ಚಿ, ಕೈ ಮುಗಿದು ಮುಂದೆ ಹೋಗಿದ್ದಾರೆ. ಎಂಥ ತಲೆ!

ಅರುಣಾ ಸಾಲಿನ ಬದುವಿನ ಮೇಲೆ ಕೂತು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆದರೆ ಮೊದಲು ಉಳಿದದ್ದನ್ನು ಮುಗಿಸಬೇಕು ಎಂದು ಮತ್ತೆ ಎದ್ದಳು. ನಾಲ್ಕು ಸಾಲನ್ನೂ ಗಿಡ ಗಿಡ ಮುಟ್ಟಿ ನೋಡಿದಳು. ಕಣ್ಣಿಗಿಂತ ಬೆರಳೇ ಮುಂದೆ ಓಡುತ್ತಿತ್ತು. ಕಂಪನಿಯವರು ಬೇಕಂತಲೇ ಬಿಟ್ಟ ಸೆಲ್ಫ್ ಕಾಯಿ ಹನ್ನೊಂದು ಸಿಕ್ಕವು, ಬಲೆಯಲ್ಲಿ ಎರಡು ತೂತು, ಹೂವಿನ ಪುಡಿಗೆಂದು ಪಕ್ಕದಲ್ಲಿ ಬೆಳೆಸಿದ ಗಂಡು ಸಾಲಿನಲ್ಲಿ ಎಲೆಯ ಆಕಾರ ಬೇರೆಯಿದ್ದ ಒಂದು ಗಿಡ. ಇನ್ನೂ ಅರ್ಧ ತಾಸು ಉಳಿದಿತ್ತು. ಪೆನ್ನು ಹಿಡಿದು ಬರೆಯತೊಡಗಿದಳು.

ಬರೆಯುವುದೆಂದರೆ ಅವಳಿಗೆ ಅಷ್ಟು ಸಲೀಸಲ್ಲ. ಹನ್ನೊಂದನೇ ವಯಸ್ಸಿಗೆ ನೆಟ್ ಹೊಕ್ಕವಳು. ಆಗ ಗುತ್ತಿಗೆದಾರ ಅವಳ ಕೈ ಹಿಡಿದು ನೋಡಿ, "ಬೆರಳ ಸಣ್ಣಾವ, ಹೂವಿಗೆ ಭಾಳ ಛಲೋ," ಎಂದಿದ್ದ. ಅವಳ ತವರಿನವರು ಅದನ್ನು ಹೊಗಳಿಕೆ ಎಂದೇ ತಿಳಿದು ಹಿಗ್ಗಿದ್ದರು. ಹೆಸರು ಶಾಲೆಯ ಹಾಜರಿಯಲ್ಲಿ, ಮೈ ನೆಟ್ಟಿನಲ್ಲಿ. ಏಳನೆಯದು ಹೇಗೋ ಮುಗಿಯಿತು, ಎಂಟಕ್ಕೆ ಶಾಲೆ ಬಿಟ್ಟುಹೋಯಿತು. ಲಗ್ನವಾಗಿ, ಮಗಳು ಮೇಘಾ ಹುಟ್ಟಿ, ಆ ಮಗಳೇ ಶಾಲೆಗೆ ಹೋಗುವ ಹೊತ್ತಿಗೆ ಒಂದು ದಿನ ಶೇಖವ್ವ ಹಾವೇರಿಯ ಸಂತೆಯಿಂದ ಹತ್ತನೇ ತರಗತಿಯ ಹಳೆಯ ಪುಸ್ತಕಗಳ ಗಂಟನ್ನು ತಂದು ಸೊಸೆಯ ಮುಂದೆ ಇಟ್ಟಿದ್ದಳು. "ಇಪ್ಪತ್ತೈದ ವರ್ಷ ಪೆನ್ನಿನವರ ಕಡಿಂದ ಬೈಸ್ಕೊಂಡೇನಿ," ಎಂದಿದ್ದಳು. "ನಮ್ಮ ಮನ್ಯಾಗ ಒಬ್ಬರರ ಪೆನ್ನ ಹಿಡದ ನಿಂದ್ರೂದ ನೋಡಬೇಕು ನಾ. ಮಾವ ಇಲ್ಲ, ಗಂಡ ಕುಮಾರಪಟ್ಟಣಕ್ಕ ಕೂಲಿಗೆ ಹೋಗ್ಯಾನ, ಇನ್ನ ಉಳದಾಕಿ ನೀನ."

ಅರುಣಾ ಮೊದಲ ಸಲ ಗಣಿತದಲ್ಲಿ ಡುಮ್ಕಿ ಹೊಡೆದಳು. ಮುಖ ಮುಚ್ಚಿಕೊಂಡು ಮಲಗಿದವಳನ್ನು ಶೇಖವ್ವ ಎಬ್ಬಿಸಿ ಕೂರಿಸಿದ್ದಳು. "ಒಂದ ಮಳಿ ತಪ್ಪಿತಂತ ಯಾರರ ಕೂರಿಗಿ ಸುಟ್ಟ ಹಾಕ್ತಾರೇನ? ಏಳ, ಮತ್ತ ಓದ." ಎರಡನೇ ಸಲಕ್ಕೆ ದಾಟಿದಾಗ ಓಣಿಗೆಲ್ಲ ಸಕ್ಕರೆ ಹಂಚಿದವಳೂ ಅವಳೇ.

ಅದೆಲ್ಲ ಈಗ ಅರುಣಾಳ ನೆನಪಿಗೆ ಬರಲಿಲ್ಲ ಎನ್ನಿ. ಅವಳು ಬರೆಯುವ ಹುಮ್ಮಸ್ಸಿನಲ್ಲಿದ್ದಳು. ಹಾಳೆಯ ಮೇಲೆ ಐದು ಕಾಲಮ್ಮು. ಸಾಲಿನ ಸಂಖ್ಯೆ ಬರೆದಳು. ಕಂಡ ದೋಷ ಬರೆದಳು. ಕಾರಣ ಬರೆಯುವಾಗ ಅವಳಿಗೇ ನಗು ತಡೆಯಲಾಗಲಿಲ್ಲ. ಪರಿಹಾರದ ಕಾಲಮ್ಮಿಗೆ ಬಂದಾಗ ಅರ್ಧ ಗಳಿಗೆ ಯೋಚಿಸಿ ಅದನ್ನೂ ಬರೆದಳು. ಬರೆದದ್ದು ಸರಿ ಇದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಕೆಲಸ ಕೈಗೆ ಬಂದೇ ಬಿಟ್ಟಿತು. ಹಂಗಾಮು ಮುಗಿದರೆ ಮನೆಯಲ್ಲಿ ಕೂರುವ ಕೂಲಿಯಲ್ಲ, ವರ್ಷಪೂರ್ತಿ ತಿಂಗಳ ಪಗಾರದ ಕೆಲಸ. ಅದಕ್ಕಿಂತ ದೊಡ್ಡದು, ದಿನಾ ಬೆಳಿಗ್ಗೆ ಗೇಟಿನಲ್ಲಿ ಹಾಜರಿ ಪುಸ್ತಕ ಹಿಡಿದು ನಿಲ್ಲುವವಳು ತಾನು. ಸಣ್ಣ ಬೆರಳಿನ ಹುಡುಗಿಯೊಬ್ಬಳು ಅವ್ವನ ಸೆರಗು ಹಿಡಿದು ಬಂದರೆ, 'ಶಾಲಿಗೆ ನಡಿ' ಎಂದು ಹೇಳಿ ಹೊರಳಿಸಿ ಕಳಿಸುವವಳು ತಾನು. ಮೇಘಾಗೆ ಈಗ ಹನ್ನೊಂದು. ಅವಳ ಬೆರಳನ್ನೂ ಯಾರೋ ಹೋದ ತಿಂಗಳು ಹೊಗಳಿದ್ದರು.

ಐದನೇ ಕಾಲಮ್ಮಿಗೆ ಪೆನ್ನು ಬಂದು ನಿಂತಿತು. 'ದೋಷ ಮಾಡಿದ ಕೆಲಸಗಾರರ ಹೆಸರು.'

ಅಲ್ಲಿಯ ತನಕ ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. ಈಗ ಹಾಳೆಯಿಂದ ಕಣ್ಣೆತ್ತಿ ಸಾಲಿನ ಬಾಯಿಯತ್ತ ನೋಡಿದಳು. ಹಂಗಾಮಿನ ಮೊದಲ ದಿನ ಪ್ರತಿ ಸಾಲನ್ನೂ ಗುಂಪಿನ ಹಿರಿಯ ಕೈ ಮುಟ್ಟಬೇಕು, ಮೊದಲ ಗಿಡದ ಮೊದಲ ಗೊಂಚಲನ್ನು ಅವಳೇ ಮಾಡಿಕೊಡಬೇಕು, ಆಮೇಲೆ ಉಳಿದವರು ಸಾಲಿಗೆ ಇಳಿಯುವುದು. ಹೆಂಗಸರಲ್ಲಿ ನಡೆದುಬಂದ ರಿವಾಜು ಅದು, ಕಂಪನಿಯವರಿಗೆ ಗೊತ್ತಿಲ್ಲ. ಈ ಗುಂಪಿನ ಹಿರಿಯ ಕೈ ಯಾರದು ಎಂದು ಅರುಣಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲೆ ಅಡಿಕೆಯ ಸಂಚಿಯಲ್ಲಿ ಭಂಡಾರದ ಪುಡಿಕೆಯನ್ನೂ ಕೊಬ್ಬರಿ ಚೂರನ್ನೂ ಒಟ್ಟಿಗೆ ಇಟ್ಟುಕೊಂಡು ತಿರುಗುವವಳು ಒಬ್ಬಳೇ.

ಗುರುತು ಸುಳ್ಳು ಕತ್ತರಿಸಿ ಸಿಕ್ಕಿಬಿದ್ದವರನ್ನು ಆ ಹಂಗಾಮಿಗೆ ಗೇಟಿನ ಹೊರಗೆ ಇಡುತ್ತಾರೆ. ಹೋದ ವರ್ಷ ಇಬ್ಬರನ್ನು ಇಟ್ಟಿದ್ದರು.

ಹಾಳೆಯನ್ನು ಹರಿದು ಹಾಕಲೇ ಎನ್ನಿಸಿತು. ಹನ್ನೊಂದು ಸೆಲ್ಫ್ ಕಾಯಿ, ಎರಡು ತೂತು, ಒಂದು ಗಿಡ, ಅಷ್ಟನ್ನೇ ಬರೆದು ಕೊಟ್ಟರೆ? ಕೊಟ್ಟರೆ ಸುದೀಪನೋ ಮತ್ತೊಬ್ಬನೋ ಪಾಸಾಗುತ್ತಾನೆ, ಬೀಜ ಮತ್ತೆ ಫೇಲಾಗುತ್ತದೆ, ನೆಟ್ ಮುಚ್ಚುತ್ತದೆ, ಅತ್ತೆಯ ಜೊತೆ ಎಲ್ಲರೂ ಗೇಟಿನ ಹೊರಗೆ. ಹೆಸರು ಬರೆದರೆ? ಪುಸ್ತಕದ ಗಂಟು ತಂದುಕೊಟ್ಟ ಕೈಯ ಹೆಸರನ್ನು ಆ ಪುಸ್ತಕ ಓದಿಯೇ ಬರೆಯುವುದೆಂದರೆ ಹೇಗೆ? ಅರುಣಾಳಿಗೆ ಅಳು ಬಂತು, ಸಿಟ್ಟೂ ಬಂತು. ಅತ್ತೆಯ ಮೇಲೆ ಸಿಟ್ಟು, ಕಾಲಮ್ಮು ಹಾಕಿದವನ ಮೇಲೆ ಅದಕ್ಕಿಂತ ಹೆಚ್ಚು.

ಸೀಟಿ ಊದಿತು. ಐದನೇ ಕಾಲಮ್ಮನ್ನು ಖಾಲಿ ಬಿಟ್ಟು ಹಾಳೆ ಕೊಟ್ಟುಬಿಟ್ಟಳು.

ಬೇವಿನ ಮರದ ಕೆಳಗೆ ಕ್ರಾಸಿಂಗಿನ ಹೆಂಗಸರೆಲ್ಲ ಕೂತಿದ್ದರು. ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಗಂಡು ಸಾಲಿನ ಹೂವು ಬಿಡಿಸಿ, ಪರೀಕ್ಷೆ ಎಂದು ಹೊರಗೆ ಬಂದವರು. ನಡುವೆ ಶೇಖವ್ವ ಎಲೆ ಜಗಿಯುತ್ತ, ಚಹಾ ತಂದವನನ್ನೂ ಬಿಡದೆ ಹೇಳುತ್ತಿದ್ದಳು. "ಆ ಹಸರ ಸೀರಿ ಉಟ್ಟಾಕಿ ನನ್ನ ಸೊಸಿ. ಎಸ್ಸೆಸ್ಸೆಲ್ಸಿ ಆಗೇತಿ. ಗಣಿತದಾಗ ನಲವತ್ತೆಂಟ!" ಸೊಸೆ ಬಂದದ್ದನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಹೆಂಗಾತ? ಮಾರಿ ಯಾಕ ಹಂಗ ಮಾಡೀದಿ? ತಗೋ, ಚಾ ಕುಡಿ."

"ಆತ ಬಿಡ್ರಿ ಅತ್ತಿ," ಎಂದಳು ಅರುಣಾ. ಚಹಾದ ಲೋಟವನ್ನು ಪಕ್ಕಕ್ಕಿಟ್ಟಳು.

ಹಾಳೆಗಳನ್ನು ಓದುತ್ತಿದ್ದ ಪ್ರೇಮಕುಮಾರ ಒಮ್ಮೆಲೇ ಕುರ್ಚಿ ದೂಡಿ ಎದ್ದ. ಒಂದು ಹಾಳೆ ಹಿಡಿದು ನೆಟ್ಟಿನೊಳಗೆ ಓಡಿದ. ಓಡಿದ ಎಂದರೆ ಖರೇ ಓಡಿದ, ಬಾಗಿಲ ಪರದೆಗೆ ಕಾಲು ಸಿಕ್ಕಿ ಬೀಳುವುದೊಂದು ಬಾಕಿ. ಒಳಗೆ ಅವನು ಒಂದು ಸಾಲಿನ ಬಾಯಿಯಿಂದ ಇನ್ನೊಂದು ಸಾಲಿನ ಬಾಯಿಗೆ ಬಗ್ಗುತ್ತ ಏಳುತ್ತ ಹೋಗುವುದು ಬಲೆಯೊಳಗಿಂದ ಕಾಣುತ್ತಿತ್ತು. ಹೆಂಗಸರೆಲ್ಲ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದರು. ಹೊರಗೆ ಬಂದಾಗ ಅವನ ಮೂಗಿನ ತುದಿ ಹಳದಿಯಾಗಿತ್ತು.

"ಅರುಣಾ ಮೈಲಪ್ಪ ಯಾರು?"

ಅರುಣಾ ಎದ್ದು ನಿಂತಳು.

"ಎಲ್ಲರೂ ಕೇಳಿ, ಓದ್ತೀನಿ," ಎಂದು ಅವನು ಏದುಸಿರಿನಲ್ಲೇ ಓದಿದ. "'ಪ್ರತಿ ಸಾಲಿನ ಮೊದಲ ಗಿಡದ ಮೊದಲ ಗೊಂಚಲು ಕ್ರಾಸ್ ಆಗಿಲ್ಲ. ಗುರುತು ಕತ್ತರಿಸಿದ್ದಾರೆ, ಕೇಸರ ಕಿತ್ತಿಲ್ಲ. ಕಾರಣ: ಆ ಗೊಂಚಲು ಮೈಲಾರಲಿಂಗನ ಪಾಲು. ತೊಟ್ಟಿನ ಮೇಲಿನ ಹಳದಿ ಗಂಧಕ ಅಲ್ಲ, ಭಂಡಾರ. ಪರಿಹಾರ: ದೇವರಿಗೆ ಬಿಡಬೇಡಿರಿ ಎಂದು ಹೇಳಬಾರದು. ಹೇಳಿದರೆ ಕದ್ದು ಬಿಡುತ್ತಾರೆ. ನೆಟ್ಟಿನಿಂದ ದೂರ, ದೇವರ ಹೆಸರಿನಲ್ಲಿ ಬೇರೆಯೇ ಗಿಡ ಹಚ್ಚಿ ಕೊಡಬೇಕು.'" ಹಾಳೆಯಿಂದ ತಲೆ ಎತ್ತಿದ. "ಮೂರು ವರ್ಷ ರೀ! ಬಲೆ ಬದಲಾಯಿಸಿದ್ವಿ. ಜೇನುಹುಳ ಅಂದ್ವಿ. ಪಕ್ಕದ ಹೊಲದವರ ಜೊತೆ ಜಗಳ ಆಡಿದ್ವಿ. ನಾನೇ ಈ ಹಳದೀನ ದಿನಾ ನೋಡಿದೀನಿ, ಗಂಧಕ ಅಂದ್ಕೊಂಡೇ ಓಡಾಡಿದೀನಿ!"

ಮರದ ಕೆಳಗೆ ಗುಸುಗುಸು ಎದ್ದಿತು. ಡಿಪ್ಲೊಮಾದವರು ಒಬ್ಬರ ಮುಖ ಒಬ್ಬರು ನೋಡಿದರು. ಸುದೀಪ ಮಾತ್ರ ಹಣೆ ಬಡಿದುಕೊಂಡು ಗಟ್ಟಿಯಾಗಿ ನಕ್ಕುಬಿಟ್ಟ. "ಮೂಸೂದು ನಮ್ಮ ಸಿಲೆಬಸ್‌ನಾಗ ಇದ್ದಿದ್ದಿಲ್ಲ ಬಿಡ್ರಿ ಸರ!"

ಅರುಣಾ ಯಾರನ್ನೂ ನೋಡಲಿಲ್ಲ. ಅವಳ ಕಣ್ಣೆಲ್ಲ ಅತ್ತೆಯ ಮೇಲಿತ್ತು. 'ಮೈಲಾರಲಿಂಗ' ಎಂಬ ಮಾತು ಬಂದಾಗಲೇ ಶೇಖವ್ವ ಎಲೆ ಜಗಿಯುವುದನ್ನು ನಿಲ್ಲಿಸಿದ್ದಳು. ಉಳಿದ ಹೆಂಗಸರು ನೆಲ ನೋಡುತ್ತ ಕೂತರು. ಎಲ್ಲರಿಗೂ ಗೊತ್ತಿತ್ತು.

"ಒಂದೇ ಒಂದು ಬಾಕಿ ಇದೆ," ಎಂದ ಪ್ರೇಮಕುಮಾರ. "ಹೆಸರಿನ ಜಾಗ ಖಾಲಿ ಬಿಟ್ಟಿದ್ದೀರಿ. ಯಾರು ಅಂತ ಗೊತ್ತಾಗಲಿಲ್ವಾ?"

"ಗೊತ್ತೈತ್ರಿ ಸರ."

"ಮತ್ತೆ?"

"ಬರಿಯಂಗಿಲ್ರಿ."

ಪ್ರೇಮಕುಮಾರ ಕುರ್ಚಿಗೆ ಕೂತು, ಮುಖ ಒರೆಸಿಕೊಂಡ. ಸಿಟ್ಟಾಗಲಿಲ್ಲ. "ನೋಡಿ ಅಮ್ಮಾ. ಈ ಕೆಲಸ ಅಂದ್ರೆ ಇದೇ. ಕಂಡದ್ದನ್ನ ಪೂರ್ತಿ ಬರೀಬೇಕು. ಇವತ್ತು ಒಬ್ಬರ ಹೆಸರು ಬಿಟ್ರೆ ನಾಳೆ ಇನ್ನೊಬ್ಬರದ್ದು ಬಿಡ್ತೀರಿ. ಅರ್ಧ ರಿಪೋರ್ಟನ್ನ ನಾನು ಪಾಸ್ ಮಾಡೋ ಹಾಗಿಲ್ಲ. ಬರೆದ್ರೆ ಅವರು ಈ ಹಂಗಾಮಿಗೆ ಹೊರಗೆ, ಅದೂ ನಿಯಮ. ಅಷ್ಟೇ ನನ್ನ ಕೈಲಿರೋದು."

ಅರುಣಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಹಂಗಾರ ಬ್ಯಾಡ ಬಿಡ್ರಿ ಸರ," ಎಂದಳು. 

"ಏನ ಬ್ಯಾಡ?" ಎಂಬ ದನಿ ಹಿಂದಿನಿಂದ ಬಂತು. "ಏನ ಬ್ಯಾಡ ಅಂತೀನಿ?"

ಶೇಖವ್ವ ಎದ್ದಿದ್ದಳು. ಮೊಣಕಾಲ ಮೇಲೆ ಕೈಯೂರಿ ಏಳಲು ಒಂದಿಷ್ಟು ಹೊತ್ತು ಹಿಡಿಯಿತು. ಎದ್ದು ಸೀರೆಯ ಧೂಳು ಕೊಡವಿದಳು. ಅರುಣಾ ಅವಳ ಮುಖದಲ್ಲಿ ಸಿಟ್ಟು ಹುಡುಕಿದಳು, ಹೆದರಿಕೆ ಹುಡುಕಿದಳು. ಎರಡೂ ಇರಲಿಲ್ಲ. ಆ ಮುಖದ ತುಂಬ ಇದ್ದದ್ದು ಹಿಗ್ಗು. ತಡೆದುಕೊಳ್ಳಲಾರದ ಹಿಗ್ಗು.

"ಹಿಡದ್ಲ ನೋಡ್ರೆವ್ವಾ!" ಎಂದು ಶೇಖವ್ವ ಎರಡೂ ಕೈ ತಟ್ಟಿದಳು. "ಹನ್ನೆರಡ ವರ್ಷಾತ ನಾ ಬಿಡಾಕ ಹತ್ತಿ! ಎಷ್ಟ ನೆಟ್ಟು, ಎಷ್ಟ ಸುಪ್ರವೈಜರು! ಬೂಟ ಹಾಕ್ಕೊಂಡ ಬಂದ್ರು, ಕರೇ ಚಸ್ಮಾ ಹಾಕ್ಕೊಂಡ ಬಂದ್ರು, ಒಬ್ಬ ಅಂತೂ ಭೂತಗನ್ನಡಿ ತಂದಿದ್ದ. ಒಬ್ಬಂವರ ಹಿಡದ್ನ? ನನ್ನ ಸೊಸಿ ಹತ್ತ ನಿಮಿಷದಾಗ ಹಿಡದಾಳ! ಕಣ್ಣಿಲೆ ಅಲ್ಲ, ಮೂಗಿಲೆ ಹಿಡದಾಳ!" ಪಕ್ಕದವಳ ಭುಜ ಹಿಡಿದು ಅಲ್ಲಾಡಿಸಿದಳು. "ಕೇಳಿದೇನ? ನನ್ನ ಹಿಡದಾಳ ನಮ್ಮಾಕಿ!"

ಪ್ರೇಮಕುಮಾರ ಅವಳತ್ತ ತಿರುಗಿದ. "ನೀವಾ? ಅಲ್ಲಮ್ಮಾ, ಗುರುತು ಯಾಕೆ ಕತ್ತರಿಸಿದ್ರಿ?"

"ಕತ್ತರಿಸದಿದ್ರ ನೀವ ಕಿತ್ತ ಒಗೀತಿದ್ದಿರೆಲ್ರಿ ಸಾಹೇಬ್ರ! ದೇವರ ಪಾಲು ತಿಪ್ಪಿಗೆ ಹೋಗ್ಬೇಕೇನ?"

"ನಮ್ಮ ಬೀಜ ಕೆಟ್ಟು ಹೋಗುತ್ತೆ ಅಂತ ಅನ್ನಿಸಲಿಲ್ವಾ?"

ಈಗ ಶೇಖವ್ವನ ದನಿ ತುಸು ಇಳಿಯಿತು. "ಅದ ಖರೇ ಗೊತ್ತಿದ್ದಿಲ್ರಿ," ಎಂದಳು. "ನಾಕ ಕಾಯಿ, ಅದರಾಗ ಏನ ಆಗತೈತಿ ಅಂದ್ಕೊಂಡಿದ್ದೆ. ದೇವರಿಗೆ ಬಿಟ್ರ ಬೆಳಿ ಹೆಚ್ಚಾಗತೈತಿ ಅಂತ ನಮ್ಮ ಹಿರ್ಯಾರ ಹೇಳಿದ್ದು. ನೆಟ್ ಮುಚ್ಚೂ ಹಂಗ ಆಗಿದ್ದು ನನ್ನಿಂದ ಅಂತ ಇವತ್ತ ತಿಳೀತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ." ಮತ್ತೆ ತಲೆ ಎತ್ತಿದಳು. "ಈಕಿ ಬರದಾಳಲ್ಲ, ಬ್ಯಾರೆ ಗಿಡ ಹಚ್ಚಿ ಕೊಡ್ರಿ ಅಂತ. ಹಂಗ ಮಾಡ್ರಿ. ಒಂದ ಗಿಡ ಸಾಕು. ಅಂವಗೂ ಬಾಯಿ ಒಂದ ಐತಿ."

ಹೆಂಗಸರು ನಕ್ಕರು. ಪ್ರೇಮಕುಮಾರನೂ ನಕ್ಕ. ನಗದೆ ನಿಂತವಳು ಅರುಣಾ ಒಬ್ಬಳೇ. ಶೇಖವ್ವ ಮೇಜಿನ ಹತ್ತಿರ ಬಂದು, ಹಾಳೆಯನ್ನು ಸೊಸೆಯ ಮುಂದಕ್ಕೆ ಸರಿಸಿದಳು.

"ಬರಿ."

"ಅತ್ತಿ, ಕೆಲಸ ಹೋಗತೈತ್ರಿ."

"ಹೋಗ್ಲಿ. ಒಂದ ಹಂಗಾಮ ಅಲ್ಲೇನ? ಮೇಘಾಗ ರೊಟ್ಟಿ ಬಡದ ಕೊಟ್ಟ ಶಾಲಿಗೆ ಬಿಟ್ಟ ಬರಾಕ ಮನ್ಯಾಗ ಒಬ್ಬರ ಬೇಕ ಹೆಂಗೂ. ನೀ ಮುಂಜಾನೆದ್ದ ಇಲ್ಲಿ ಬಂದ ನಿಂದ್ರಾಕಿ." ಸೊಸೆ ಪೆನ್ನು ಎತ್ತದೆ ಇರುವುದನ್ನು ಕಂಡು ದನಿ ಏರಿಸಿದಳು. "ನೋಡ, ಗಣಿತದಾಗ ಫೇಲಾದಿ, ನಾ ಏನೂ ಅನಲಿಲ್ಲ. ಇದರಾಗ ನನ್ನ ಹೆಸರ ಬಿಟ್ಟ ಫೇಲಾದಿ ಅಂದ್ರ ಓಣ್ಯಾಗ ನಾ ತಲಿ ಎತ್ತಿ ತಿರಗಂಗಿಲ್ಲ. ಬರಿ. ಶೇಖವ್ವ. ಗಂಡನ ಹೆಸರೂ ಹಾಕು, ಕನಕಪ್ಪ. ಊರೂ ಹಾಕು. ನಡುವ ಏನೂ ಬಿಡಬ್ಯಾಡ."

ಅರುಣಾ ಬರೆದಳು. ಬರೆಯುವಷ್ಟು ಹೊತ್ತೂ ಶೇಖವ್ವ ಅವಳ ಭುಜದ ಮೇಲಿಂದ ಬಗ್ಗಿ, ಪೆನ್ನಿನ ತುದಿ ಹೋದಲ್ಲೆಲ್ಲ ಕಣ್ಣು ಹಾಯಿಸುತ್ತ ನಿಂತಿದ್ದಳು. "ಇಷ್ಟ ಉದ್ದ ಐತೇನ ನನ್ನ ಹೆಸರ?" ಎಂದಳು ಮೆಲ್ಲಗೆ.

ಪ್ರೇಮಕುಮಾರ ಹಾಳೆಯನ್ನು ತೆಗೆದುಕೊಂಡು ಐದೂ ಕಾಲಮ್ಮಿನ ಮೇಲೆ ಕಣ್ಣಾಡಿಸಿದ. ಕೆಳಗೆ ಸಹಿ ಹಾಕಿದ. "ಸೋಮವಾರ ಏಳು ಗಂಟೆಗೆ ಬನ್ನಿ ಅರುಣಾ ಅವರೇ. ಹಾಜರಿ ನೀವೇ ಕೂಗೋದು."

ಮರದ ಕೆಳಗೆ ಹೋ ಎಂದು ಗದ್ದಲವೆದ್ದಿತು. ಯಾರೋ ಸೀಟಿ ಹೊಡೆದರು, ಹೆಂಗಸರೇ ಹೊಡೆದದ್ದು. ಸುದೀಪ ಬಂದು, "ಅಕ್ಕಾರ, ಮುಂದಿನ ಸಲ ಜಾಗಾ ಖಾಲಿ ಆದ್ರ ನನಗ ಮೂಸಾಕ ಕಲಸಿ ಕೊಡ್ರಿ," ಎಂದ. ಅರುಣಾಳಿಗೆ ಅಳುವೂ ನಗುವೂ ಒಟ್ಟಿಗೆ ನುಗ್ಗಿ ಬಂದು, ಯಾವುದು ಮೊದಲೆಂದು ತಿಳಿಯದೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಕೆಲಸಗಾರರ ಸಹಿ ಬೇಕು ಇಲ್ಲಿ," ಎನ್ನುತ್ತ ಪ್ರೇಮಕುಮಾರ ಚೀಲದಲ್ಲಿ ಶಾಯಿಯ ಡಬ್ಬಿ ಹುಡುಕತೊಡಗಿದ. ಮೇಲಿನ ಖಾನೆ ನೋಡಿದ, ಕೆಳಗಿನದು ನೋಡಿದ. ಶೇಖವ್ವ ಕಾಯಲಿಲ್ಲ. ತನ್ನ ಹೆಸರು ಯಾವುದೆಂದು ಸೊಸೆಯನ್ನು ಕೇಳಿ ತೋರಿಸಿಕೊಂಡು, ಅದರ ಪಕ್ಕದಲ್ಲಿ ಹೆಬ್ಬೆರಳನ್ನು ಒತ್ತಿ ಹಿಡಿದಳು. ಬೆಳಿಗ್ಗೆಯಿಂದ ಗಿಡದಲ್ಲಿ ಆಡಿದ ಬೆರಳು, ಟೊಮ್ಯಾಟೊ ಎಲೆಯ ರಸ ಹತ್ತಿ ಕಪ್ಪು ಹಸಿರಾಗಿತ್ತು. ಕೈ ಎತ್ತಿದಾಗ ಹಾಳೆಯ ಮೇಲೆ ಗೆರೆ ಗೆರೆಯಾಗಿ ಹಸಿರು ಹೆಬ್ಬೆಟ್ಟು ಮೂಡಿತ್ತು. ಅರುಣಾ ಹಾಳೆಯನ್ನು ಮಡಿಸದೆ, ಒಣಗಲೆಂದು ಎರಡೂ ಕೈಯಲ್ಲಿ ಹಿಡಿದು ನಿಂತಳು.